ಗ್ರಾಮ ಕಾವಲು (ರಾಯದುರ್ಗ–ಮಡಕಶಿರಾ ಸೀಮೆ)

ಊರಿನ ಕಾವಲು ಊರಿನ ಅಧೀನದಲ್ಲೇ ಇದ್ದ ಹಳೆಯ ಏರ್ಪಾಡು. ಆಂಧ್ರಪ್ರದೇಶದ ಕನ್ನಡ ಗಡಿಭಾಗವಾದ ರಾಯದುರ್ಗ (ಅನಂತಪುರ ಜಿಲ್ಲೆ) ಮತ್ತು ಮಡಕಶಿರಾ (2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ) ಸೀಮೆಗಳಲ್ಲಿ ಇದರ ಕುರುಹು ಇಪ್ಪತ್ತನೆಯ ಶತಮಾನದವರೆಗೂ ಉಳಿದಿತ್ತು.

ಹಳ್ಳಿಯ ಕಾವಲುಗಾರ ತಳವಾರ, ತೆಲುಗಿನಲ್ಲಿ ತಲಾರಿ. ರಾತ್ರಿ ಗಸ್ತು, ಬೆಳೆ ಕಾವಲು, ಹೊಸಬರ ಮೇಲೆ ನಿಗಾ, ಕಳ್ಳನ ಹೆಜ್ಜೆ ಜಾಡು ಹಿಡಿಯುವುದು ಅವನ ಕೆಲಸ. ಆಯಗಾರರಲ್ಲಿ, ಅಂದರೆ ಸುಗ್ಗಿಯ ಪಾಲು ಪಡೆದು ಊರ ಸೇವೆ ಮಾಡುವವರಲ್ಲಿ, ಒಬ್ಬನಾದ ಅವನಿಗೆ ಸಂಬಳದ ಬದಲು ಇನಾಂ ಹೊಲವೂ ಸುಗ್ಗಿಯಲ್ಲಿ ಕಣದ ಧಾನ್ಯವೂ ಸಲ್ಲುತ್ತಿದ್ದವು. ಅವನ ಮೇಲೆ ರೆಡ್ಡಿ ಅಥವಾ ಗೌಡ; ಅದಕ್ಕೂ ಮೇಲೆ ರಾಯದುರ್ಗ, ರತ್ನಗಿರಿಯಂಥ ಪಾಳೆಯಪಟ್ಟುಗಳು. ಕಾವಲಿಯ ಹೆಸರಿನಲ್ಲಿ ಹಣ ಎತ್ತುತ್ತಿದ್ದ ಪಾಳೆಯಗಾರರಲ್ಲಿ ಕಾಯುವವರೂ ಇದ್ದರು, ಸುಲಿಯುವವರೂ ಇದ್ದರು.

1800ರಲ್ಲಿ ಹೈದರಾಬಾದಿನ ನಿಜಾಮನು ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಹೀಗೆ ಬಿಟ್ಟುಕೊಟ್ಟ ಸೀಮೆಗೆ ದತ್ತಮಂಡಲವೆಂದು ಹೆಸರು. ಅದರ ಮುಖ್ಯ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ, 1807ರಲ್ಲಿ ಹೊರಡುವ ಹೊತ್ತಿಗೆ ಸುಮಾರು 80 ಪಾಳೆಯಗಾರರ ಬಲ ಮುರಿದಿದ್ದ. ಈ ನಡುವೆ 1802ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಬಂಗಾಳದ ದರೋಗಾ (ಸರ್ಕಾರಿ ಪೊಲೀಸ್ ಅಧಿಕಾರಿ) ಪದ್ಧತಿ ಬಂದು, ಪೊಲೀಸು ಜಿಲ್ಲಾ ನ್ಯಾಯಾಧೀಶರ ಕೈ ಸೇರಿತು. ಊರು ಅರಿಯದ ದರೋಗಾನಿಂದ ಕಾವಲು ಸಾಗದು, ಹಳ್ಳಿಯ ಮುಖ್ಯಸ್ಥನಿಗೇ ಅದನ್ನು ಮರಳಿಸಬೇಕು ಎಂದು ಮನ್ರೋ ವಾದಿಸಿದ. 1814ರಲ್ಲಿ ನ್ಯಾಯ ಸುಧಾರಣೆಯ ಆಯೋಗದ ಮುಖ್ಯಸ್ಥನಾಗಿ ಮರಳಿದ ಮೇಲೆ ಅವನ ಮಾತು ನಡೆಯಿತು. 1816ರ 11ನೆಯ ರೆಗ್ಯುಲೇಷನ್ನಿನಿಂದ ಗ್ರಾಮದ ಮುಖ್ಯಸ್ಥ, ತಹಶೀಲ್ದಾರ, ಕಲೆಕ್ಟರ್ ಎಂಬ ಸರಪಳಿ ಏರ್ಪಟ್ಟಿತು.

ಆದರೆ ಊರಿನ ಹಿಡಿತವೆಂದರೆ ಊರಿನ ಎಲ್ಲರ ಹಿಡಿತವಾಗಿರಲಿಲ್ಲ. ಬೈಗುಳ, ಸಣ್ಣ ಹೊಡೆದಾಟಗಳಿಗೆ ಮುಖ್ಯಸ್ಥ ತಪ್ಪಿತಸ್ಥನನ್ನು 12 ಗಂಟೆ ಕೂಡಿಹಾಕಬಹುದಿತ್ತು. ಕೆಳಜಾತಿಯವನಾದರೆ ಕಾಲಿಗೆ ಕೋಳ ತೊಡಿಸಲು ಅದೇ ಕಾನೂನು ಅವಕಾಶ ಕೊಟ್ಟಿತ್ತು. ಕಂದಾಯ ಮತ್ತು ಪೊಲೀಸು ಒಂದೇ ಕೈಯಲ್ಲಿ ಕೂಡಿದ್ದರ ಫಲವನ್ನು 1855ರ ಮದ್ರಾಸ್ ಚಿತ್ರಹಿಂಸೆ ಆಯೋಗ ಬಯಲಿಗಿಟ್ಟಿತು. 1859ರ ಮದ್ರಾಸ್ ಪೊಲೀಸ್ ಕಾಯ್ದೆ ಪ್ರತ್ಯೇಕ ದಳ ಕಟ್ಟಿತು. ಅಧಿಕಾರ ಠಾಣೆಗೆ ಹೋಯಿತು. ಗ್ರಾಮ ಮುನಸೀಫ (ಹಳ್ಳಿಯ ಮುಖ್ಯಸ್ಥ) ಮತ್ತು ತಲಾರಿ ಅಪರಾಧದ ಸುದ್ದಿ ಮುಟ್ಟಿಸುವ ಸಹಾಯಕರಾಗಿ ಉಳಿದರು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿದಾಗ, ಆ ಜಿಲ್ಲೆಯ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಹೋಯಿತು. 1882ರಿಂದ ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ ಅಲ್ಲೇ ಉಳಿಯಿತು. ಹೀಗೆ ಒಂದೇ ಭಾಷೆಯ ನೆರೆಹಳ್ಳಿಗಳು ಎರಡು ರಾಜ್ಯಗಳ ಪೊಲೀಸಿನ ಕೆಳಗೆ ಬಂದವು. ಕರ್ನಾಟಕದಲ್ಲಿ 1961ರ ಕಾಯ್ದೆ ವಂಶಪಾರಂಪರ್ಯದ ಪಟೇಲ, ಶಾನುಭೋಗಿಕೆಗಳನ್ನು ತೆಗೆದರೆ, ಆಂಧ್ರದಲ್ಲಿ 1984ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಮುನಸೀಫ, ಕರಣಂ (ಶಾನುಭೋಗ) ಹುದ್ದೆಗಳನ್ನು ರದ್ದುಪಡಿಸಿತು.

ಮುಂದಿನ ಬೇಡಿಕೆ ಕಾವಲಿನ ಮೇಲೆ ಊರಿನ ಒಡೆತನದ್ದಲ್ಲ, ಪೊಲೀಸರಿಂದ ಲೆಕ್ಕ ಕೇಳುವ ಹಕ್ಕಿನದು. ಪೊಲೀಸ್ ಸುಧಾರಣೆ ಕುರಿತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರ್ 22ರಂದು, ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರ ರಚಿಸಲು ಆದೇಶಿಸಿತು. 2019ರಲ್ಲಿ ಆಂಧ್ರದಲ್ಲಿ ಬಂದ ಗ್ರಾಮ ಸಚಿವಾಲಯಗಳಲ್ಲಿ ಮಹಿಳಾ ಪೊಲೀಸರನ್ನು ನೇಮಿಸಲಾಯಿತು. ಆದರೆ ಸಂವಿಧಾನದಲ್ಲಿ ಪೊಲೀಸು ರಾಜ್ಯಪಟ್ಟಿಯ ವಿಷಯ. ಪಂಚಾಯಿತಿಗಳಿಗೆ ವಹಿಸಬಹುದಾದ, ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಅದು ಇಲ್ಲ.