ಎಂ101ರ ಆವರ್ತನ: ವಾನ್ ಮಾನೆನ್ ಅಳತೆಗಳ ದೋಷಮೂಲ

ಸಪ್ತರ್ಷಿ ಮಂಡಲದ ವಸಿಷ್ಠ, ಮರೀಚಿ ನಕ್ಷತ್ರಗಳೊಡನೆ ತ್ರಿಕೋನ ರಚಿಸುವ ಎಂ101 ಸುರುಳಿ ಗೆಲಾಕ್ಸಿಯನ್ನು ಪಿಯೆರ್ ಮೆಶೆನ್ 1781ರಲ್ಲಿ ಗುರುತಿಸಿದರು. ಅದರ ದೂರ ಸುಮಾರು 2.1 ಕೋಟಿ ಜ್ಯೋತಿರ್ವರ್ಷ. 1916ರಲ್ಲಿ ಮೌಂಟ್ ವಿಲ್ಸನ್ ವೀಕ್ಷಣಾಲಯದ ವಾನ್ ಮಾನೆನ್, ಅದು ಸುಮಾರು 85,000 ವರ್ಷಗಳಿಗೊಮ್ಮೆ ತಿರುಗುತ್ತದೆಂದು ಪ್ರಕಟಿಸಿದರು. ಸುರುಳಿಗಳು ಹತ್ತಿರದವೆಂದು 1920ರಲ್ಲಿ ವಾದಿಸಿದ ಖಗೋಳವಿಜ್ಞಾನಿ ಶಾಪ್ಲಿ ಅವರಿಗೆ ಇದು ಬಲವಾದ ಆಧಾರವಾಯಿತು. 1935ರಲ್ಲಿ ಖಗೋಳವಿಜ್ಞಾನಿ ಹಬಲ್ ಈ ಆವರ್ತನವನ್ನು ನಿರಾಕರಿಸಿದರು. ಇಲ್ಲಿಯವರೆಗೆ ಭಿನ್ನಮತವಿಲ್ಲ.

ಭಿನ್ನಮತವಿರುವುದು ತಪ್ಪಿನ ಮೂಲದ ಬಗ್ಗೆ. ನಿರೀಕ್ಷೆಯೇ ಅಳತೆಯನ್ನು ವಾಲಿಸಿತೆಂಬುದು ವಿಜ್ಞಾನ ಇತಿಹಾಸಕಾರ ನಾರಿಸ್ ಹೆದರಿಂಗ್ಟನ್ ಅವರ ನಿಲುವು. 1916ರ ಎಂ101ರ ಮಟ್ಟಿಗಾದರೂ ಇದು ಸಾಲದು ಎಂಬುದು ನನ್ನ ವಾದ.

ವಾನ್ ಮಾನೆನ್ ಕಂಡ ಸ್ಥಾನಪಲ್ಲಟ ವರ್ಷಕ್ಕೆ ಸುಮಾರು 0.02 ಆರ್ಕ್ ಸೆಕೆಂಡ್. ಇಂದಿನ ದೂರಕ್ಕೆ ಲೆಕ್ಕ ಹಾಕಿದರೆ ವೇಗ ಸೆಕೆಂಡಿಗೆ 6 ಲಕ್ಷ ಕಿಲೋಮೀಟರ್, ಅಂದರೆ ಬೆಳಕಿನ ಎರಡು ಪಟ್ಟು! ಆದರೆ ಛಾಯಾಚಿತ್ರ ಫಲಕದ ಮೇಲೆ ಅದೆಷ್ಟು? 60 ಇಂಚಿನ ದೂರದರ್ಶಕದ ನಾಭಿದೂರ 7.6 ಮೀಟರ್, ಐದು ವರ್ಷಗಳ ಅಂತರದ ಎರಡು ಫಲಕಗಳ ನಡುವೆ ಪಲ್ಲಟ 0.004 ಮಿಲಿಮೀಟರಿಗೂ ಕಡಿಮೆ. ಅಳೆದದ್ದೂ ನಕ್ಷತ್ರದಂಥ ಚುಕ್ಕೆಗಳನ್ನಲ್ಲ, ಅಂಚು ಮಸುಕಾದ ಗಂಟುಗಳನ್ನು. ಅವುಗಳ ಕೇಂದ್ರವನ್ನು ಈ ಸೂಕ್ಷ್ಮತೆಯಲ್ಲಿ ನಿರ್ಧರಿಸುವುದು ಎಂಥ ನುರಿತ ಕಣ್ಣಿಗೂ ಕಷ್ಟ.

ಇನ್ನೂ ಮುಖ್ಯವಾದದ್ದು ಸಹೋದ್ಯೋಗಿ ಸೆತ್ ನಿಕಲ್ಸನ್ ಅವರ ಸಾಕ್ಷ್ಯ. ಅವರೂ ಎಂ101ನ್ನು ಅಳೆದು ಅದೇ ಬಗೆಯ ಚಲನೆ ಕಂಡಿದ್ದರು. ಇಬ್ಬರಿಗೂ ಒಂದೇ ಫಲಿತಾಂಶ ಬಂದಿದ್ದರೆ ದೋಷದ ಒಂದು ಪಾಲು ಫಲಕಗಳಲ್ಲೇ ಇದ್ದಿರಬೇಕು. ಇನ್ನು ನಿರೀಕ್ಷೆಯ ವಿಷಯ: ಸುರುಳಿಬಾಹುಗಳ ಗುಂಟ ಹೊರಮುಖವಾಗಿ ಕಂಡ ಆ ಚಲನೆ, ಬಾಹುಗಳು ಹಿಂದೆ ಎಳೆದುಕೊಂಡು ಬರುತ್ತವೆಂಬ ಖಗೋಳವಿಜ್ಞಾನಿ ಸ್ಲಿಫರ್ ಅವರ ನಿಲುವಿಗೂ ವಿರುದ್ಧವಾಗಿತ್ತು. ಆ ಚಲನೆಯನ್ನು ಸೈದ್ಧಾಂತಿಕವಾಗಿ ಬೆಂಬಲಿಸಿದ ಭೌತವಿಜ್ಞಾನಿ ಜೀನ್ಸ್ ಬಂದದ್ದು ಆಮೇಲೆ.

ಈ ವಾದಕ್ಕೆ ಮಿತಿಗಳಿವೆ, ಅವು ಸಣ್ಣವಲ್ಲ. ಒಂದೇ ಗಂಟುಗಳನ್ನು ಆರಿಸಿಕೊಂಡಲ್ಲಿ ಇಬ್ಬರ ಅಳತೆ ಸ್ವತಂತ್ರವೆನಿಸದು. ಹೊರಮುಖ ಚಲನೆಯನ್ನು ಸೂಚಿಸುವ, ಸುರುಳಿಗಳ ಉಗಮ ಕುರಿತ ಚೇಂಬರ್ಲಿನ್–ಮೌಲ್ಟನ್ ಕಲ್ಪನೆ ಆಗಲೇ ಬಳಕೆಯಲ್ಲಿತ್ತು. ಮುಂದೆ ವಾನ್ ಮಾನೆನ್ ಅಳೆದ ಸುರುಳಿಗಳಲ್ಲೂ ಅದೇ ದಿಕ್ಕು ಕಂಡದ್ದನ್ನು ಫಲಕದೋಷವೊಂದೇ ವಿವರಿಸಲಾರದು; ಅಲ್ಲಿ ಹೆದರಿಂಗ್ಟನ್ ಅವರ ಮಾತಿಗೇ ಹೆಚ್ಚು ತೂಕ. 1935ರಲ್ಲಿ ವಾನ್ ಮಾನೆನ್ ಸ್ವತಃ ತಮ್ಮ ಫಲಿತಾಂಶಗಳನ್ನು ಎಚ್ಚರದಿಂದ ನೋಡಬೇಕೆಂದು ಬರೆದರು. ಅಂಥವರನ್ನು ಪೂರ್ವಗ್ರಹಪೀಡಿತರೆಂದಷ್ಟೇ ಕರೆದು ಮುಗಿಸುವುದು ನ್ಯಾಯವಲ್ಲ.

ದೋಷದಲ್ಲಿ ಕಣ್ಣಿನ ಪಾಲೆಷ್ಟು, ಫಲಕದ ಪಾಲೆಷ್ಟು ಎಂಬುದು ದಾಖಲೆಗಳ ಓದಿನಿಂದಷ್ಟೇ ತೀರ್ಮಾನವಾಗದು. ಮೌಂಟ್ ವಿಲ್ಸನ್ನಿನ ಫಲಕಸಂಗ್ರಹ ಪಸಾಡಿನಾದಲ್ಲಿದೆ. ಅದೇ ಗಂಟುಗಳನ್ನು ಗಣಕಯಂತ್ರದಿಂದ, ಯಾವುದು ಹಳೆಯ ಫಲಕ ಯಾವುದು ಹೊಸದೆಂದು ಅಳೆಯುವವರಿಗೆ ತಿಳಿಸದೆ, ಮತ್ತೆ ಅಳೆಯಬೇಕು.