ಹುತ್ತ, ಬನ ಮತ್ತು ಹಾವಿನ ಮೊಟ್ಟೆ

ಕರ್ನಾಟಕದ ನಾಗಾರಾಧನೆಗೆ ದೊರೆಯುವ ಹಳೆಯ ಲಿಖಿತ ಸಾಕ್ಷ್ಯಗಳಲ್ಲಿ ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ಐದು ಹೆಡೆಯ ನಾಗಶಿಲೆ ಮುಖ್ಯವಾದುದು. ಚುಟು ಅರಸರ ಕಾಲದ ಅದರ ಪ್ರಾಕೃತ ಶಾಸನವು ರಾಜಕುಮಾರಿಯೊಬ್ಬಳು ನಾಗಪ್ರತಿಮೆ, ಕೆರೆ ಮತ್ತು ವಿಹಾರಗಳನ್ನು ದಾನವಾಗಿತ್ತಳೆಂದೂ ಕಲ್ಲನ್ನು ಕಡೆದವನು ನಾಟಕನೆಂಬ ಶಿಲ್ಪಿಯೆಂದೂ ತಿಳಿಸುತ್ತದೆ. ನಾಗನೂ ಕೆರೆಯೂ ಒಂದೇ ದಾನದಲ್ಲಿ ಸೇರಿರುವುದು ಬರಿಯ ಆಕಸ್ಮಿಕವೆನ್ನಲಾಗದು. ನಾಗನನ್ನು ನೀರು ಮತ್ತು ಸಂತಾನದೊಡನೆ ಕೂಡಿಸಿ ನೋಡುವ ಭಾವನೆ ಮುಂದೆ ಅರಳಿಕಟ್ಟೆಯ ನಾಗರಕಲ್ಲುಗಳಲ್ಲಿಯೂ ಉಳಿದುಬಂದಿತು. ಮಕ್ಕಳನ್ನು ಬಯಸಿದವರು ನಿಲ್ಲಿಸುತ್ತಿದ್ದ ಈ ಕಲ್ಲುಗಳಲ್ಲಿ ಹಲವು ಹೆಣೆದುಕೊಂಡ ಹಾವಿನ ಜೋಡಿಯನ್ನು ತೋರಿಸುತ್ತವೆ. (ಹೊಲದ ಬದುವಿನಲ್ಲಿ ಜನ ಕಾಣುವ ಕೇರೆಹಾವುಗಳ ಇಂಥ ಹೆಣಿಗೆ ಬಹುಮಟ್ಟಿಗೆ ಮಿಲನವಲ್ಲ, ಎರಡು ಗಂಡುಗಳ ಸೆಣಸಾಟ ಎಂಬುದು ಬೇರೆ ಮಾತು.)

ಕಲ್ಲಿಗಿಂತ ಹುತ್ತದ ಪೂಜೆಯೇ ಹಾವಿನ ಬಾಳಿಗೆ ಹತ್ತಿರವಾದುದು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತೆಂಬ ಗಾದೆಗೆ ತಕ್ಕಂತೆ ನಾಗರಹಾವು ಏಪ್ರಿಲ್‌ನಿಂದ ಜುಲೈವರೆಗಿನ ಅವಧಿಯಲ್ಲಿ ಹುತ್ತದಲ್ಲೋ ಇಲಿಯ ಬಿಲದಲ್ಲೋ 10ರಿಂದ 30 ಮೊಟ್ಟೆಗಳನ್ನಿಡುತ್ತದೆ. ಕೋಳಿಮೊಟ್ಟೆಯ ಚಿಪ್ಪು ಸುಣ್ಣದ ಗಡಸು ಕವಚವಾದರೆ, ಹಾವಿನ ಮೊಟ್ಟೆಯದು ಪ್ರೋಟೀನಿನ ಎಳೆಗಳು ಪದರಪದರವಾಗಿ ಹೆಣೆದು ಸುಣ್ಣದ ತೆಳುಲೇಪ ಪಡೆದ, ಬೆರಳಿನಿಂದ ಒತ್ತಿದರೆ ತಗ್ಗುವ ತೊಗಲಿನಂಥ ಹೊದಿಕೆ. ಒಡೆಯದೆ ಬಾಗುವುದೇ ಅದರ ಗಟ್ಟಿತನ. ಸುತ್ತಲಿನ ಮಣ್ಣಿನ ತೇವವನ್ನು ಹೀರಿ ಮೊಟ್ಟೆ ದಿನದಿನಕ್ಕೆ ಊದಿಕೊಳ್ಳುತ್ತದೆ, ಮಣ್ಣು ಒಣಗಿದರೆ ಸುಕ್ಕುಗಟ್ಟುತ್ತದೆ. ಹಕ್ಕಿಯ ಮೊಟ್ಟೆಯಲ್ಲಿ ಹಳದಿಯನ್ನು ನಡುವೆ ಹಿಡಿದಿಡುವ ತಿರುಚಿದ ಎಳೆ ಇದರಲ್ಲಿಲ್ಲವಾದುದರಿಂದ, ಭ್ರೂಣ ಗೋಡೆಗೆ ಅಂಟಿಕೊಂಡ ಮೇಲೆ ಮೊಟ್ಟೆಯನ್ನು ಮಗುಚಿದರೆ ಅದು ಸಾಯುವ ಸಂಭವವುಂಟು. 48ರಿಂದ 69 ದಿನಗಳಲ್ಲಿ ಮರಿಯು ಮೇಲ್ದವಡೆಯ ಮುಂತುದಿಯ ಮೊಟ್ಟೆಹಲ್ಲಿನಿಂದ ಹೊದಿಕೆಯನ್ನು ಸೀಳಿ ಹೊರಬರುತ್ತದೆ. ಅನಂತರ ಆ ಹಲ್ಲು ಉದುರಿಹೋಗುತ್ತದೆ.

ಹೀಗೆ ಈ ಮೊಟ್ಟೆಗೆ ಬೇಕಾದುದು ತೇವವುಳ್ಳ, ಯಾರೂ ಕೆದಕದ ನೆಲ. ಶ್ರಾವಣದ ನಾಗರಪಂಚಮಿಯಂದು ಉಳಬಾರದು, ನೆಲ ಅಗೆಯಬಾರದು ಎಂಬ ಕಟ್ಟಳೆ ಮರಿಗಳು ಹೊರಬರುವ ಕಾಲಕ್ಕೇ ಒದಗುವುದು ಗಮನಾರ್ಹವಾದರೂ, ಒಂದು ದಿನದ ಕಟ್ಟಳೆಯಿಂದ ಮೊಟ್ಟೆ ಉಳಿಯುವುದಿಲ್ಲ. ಉಳಿಸಿದ್ದು ವರ್ಷವಿಡೀ ನಡೆಯುತ್ತಿದ್ದ ನಿಷೇಧ: ತುಳುನಾಡಿನ ನಾಗಬನಗಳಲ್ಲಿ, ಅಂದರೆ ನಾಗನಿಗೆಂದು ಬಿಟ್ಟ ಮರಗಳ ತೋಪುಗಳಲ್ಲಿ, ಕೊಂಬೆ ಕಡಿಯುವುದಕ್ಕಾಗಲಿ ಉದುರಿದ ತರಗೆಲೆ ಗುಡಿಸುವುದಕ್ಕಾಗಲಿ ಜನ ಅಂಜುತ್ತಿದ್ದರು. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಹುತ್ತದ ಮಣ್ಣೇ ಮೃತ್ತಿಕೆಯೆಂಬ ಹೆಸರಿನಲ್ಲಿ ಪ್ರಸಾದವಾಗಿದೆ. ಹಾವಿಗೆರೆದ ಹಾಲು ಹಾವಿಗೆ ಪ್ರಯೋಜನಕ್ಕೆ ಬಾರದು, ಬನದ ಭಯ ಮಾತ್ರ ಪ್ರಯೋಜನಕ್ಕೆ ಬಂದಿತು. ಈಚಿನ ದಶಕಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಅನೇಕ ಬನಗಳ ಮರಗಳು ಉರುಳಿ, ನಾಗನ ಕಲ್ಲುಗಳು ಕಾಂಕ್ರೀಟಿನ ಕಟ್ಟೆಯೇರಿವೆ. ಅಲ್ಲಿ ಪೂಜೆ ತಪ್ಪಿಲ್ಲ. ಹಾವು ಮೊಟ್ಟೆಯಿಡಲು ಮಣ್ಣಿಲ್ಲ.