ಭಾಷಿಣಿಗೆ ಅಜ್ಜಿಯ ತುಳು ಕೇಳಿಸುತ್ತಾ?

ಓದು ಬರಹ ಬಾರದವರೂ ತಮ್ಮ ಭಾಷೆಯಲ್ಲಿ ಮಾತಾಡಿಯೇ ಸರ್ಕಾರಿ ಸೇವೆ ಪಡೆಯಬೇಕು ಅನ್ನೋದು ಭಾಷಿಣಿಯ ಉದ್ದೇಶ. ಕೇಂದ್ರ ಸರ್ಕಾರ ಇದಕ್ಕೆ ಚಾಲನೆ ಕೊಟ್ಟಿದ್ದು 2022ರ ಜುಲೈನಲ್ಲಿ. ಯಂತ್ರ ಮಾತನ್ನು ಅಕ್ಷರಕ್ಕಿಳಿಸುತ್ತೆ, ಅನುವಾದಿಸುತ್ತೆ, ಉತ್ತರವನ್ನು ಮತ್ತೆ ದನಿಯಾಗಿಸುತ್ತೆ. ಅರ್ಜಿ ತುಂಬಿಸಲು ಇನ್ನೊಬ್ಬರ ಮುಂದೆ ಕೈಕಟ್ಟಿ ನಿಲ್ಲುವವರಿಗೆ ಇದೇನು ಸಣ್ಣ ಸಂಗತಿಯಲ್ಲ.

ಆದರೆ ಯೋಜನೆ ಹೊರಟಿದ್ದು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳನ್ನು ಹಿಡಿದು. ಅದರಲ್ಲಿ ಕನ್ನಡವಿದೆ, ಕೊಂಕಣಿಯಿದೆ. ತುಳು, ಕೊಡವ ಇಲ್ಲ. 2011ರ ಜನಗಣತಿಯಲ್ಲಿ ತುಳು ಭಾಷಿಕರು 18 ಲಕ್ಷಕ್ಕೂ ಹೆಚ್ಚು. ಪಟ್ಟಿಯಲ್ಲಿರುವ ಸಂಸ್ಕೃತಕ್ಕೆ ಸುಮಾರು 25 ಸಾವಿರ.

ಪುತ್ತೂರಿನ ನನ್ನಜ್ಜಿ ಪಿಂಚಣಿ ಬಂತಾ ಅಂತ ಕೇಳೋದೂ ತುಳುವಿನಲ್ಲೇ. ನಾನು ಪಕ್ಕದಲ್ಲಿ ಕೂತು ಅದನ್ನು ಕನ್ನಡ ಮಾಡಿ ಫೋನಿಗೆ ಹೇಳ್ತೇನೆ. ಮಧ್ಯವರ್ತಿ ಬೇಡ ಅಂತ ಬಂದ ತಂತ್ರಜ್ಞಾನಕ್ಕೆ ನಾನೇ ಮಧ್ಯವರ್ತಿ!

ತುಳು ಯಂತ್ರಕ್ಕೆ ಒಗ್ಗದ ಭಾಷೆಯೇನಲ್ಲ. ಗೂಗಲ್ ಟ್ರಾನ್ಸ್‌ಲೇಟ್ 2024ರ ಜೂನ್‌ನಲ್ಲೇ ಅದನ್ನು ಸೇರಿಸಿತು. ಮಾತು ಅರ್ಥವಾಗಲು ಮಾತ್ರ ಜನರ ದನಿಯನ್ನು ಗಂಟೆಗಟ್ಟಲೆ ರೆಕಾರ್ಡ್ ಮಾಡಿ ಬರೆದಿಡಬೇಕು. ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಇಂಡಿಕ್‌ವಾಯ್ಸಸ್ ದನಿಸಂಗ್ರಹ ಕೂಡ ಅದೇ 22 ಭಾಷೆಗಳದ್ದು. ಎಂಟನೇ ಪರಿಚ್ಛೇದದ ಬೇಡಿಕೆ ಬರೀ ಭಾವನೆಯದ್ದು ಅನ್ನುವ ಗೆಳೆಯರಿಗೆ ನಾನೀಗ ಈ ಪಟ್ಟಿಯನ್ನೇ ತೋರಿಸ್ತೇನೆ.